ಪಿ16 ಆಂಟಿಬಾಡಿ ಯಾವ್ದು ತಗೊಳ್ಳೋದು? ಟಿಶ್ಯೂ ಮೇಲೆ ಕೆಲಸ ಮಾಡೋರಿಗೆ ಒಂದು ಹೋಲಿಕೆ

ಪಿ16 ಅಂದ್ರೆ ಸೆಲ್ ಡಿವಿಷನ್ನಿಗೆ ಬ್ರೇಕ್ ಹಾಕೋ ಒಂದು ಪ್ರೋಟೀನು, ಅದಕ್ಕೆ ಹೋಗಿ ಅಂಟೋ ಆಂಟಿಬಾಡಿ ಬೇಕು ಅಂತ ಯಾವ್ದೇ ಕಂಪನಿ ಕ್ಯಾಟಲಾಗಲ್ಲಿ ಹುಡುಕಿ ನೋಡಿ, ಮೊದಲ ಪೇಜಲ್ಲೇ ರಾಶಿ ಐಟಂ ಬಂದು ಬೀಳುತ್ತೆ, ಎಲ್ಲದರ ಪಕ್ಕದಲ್ಲೂ ಐಎಚ್‌ಸಿ (ಟಿಶ್ಯೂ ಸ್ಲೈಡ್ ಮೇಲೆ ಬಣ್ಣ ಬರಿಸಿ ನೋಡೋದು) ಆಗುತ್ತೆ, ವೆಸ್ಟರ್ನ್ (ಜೆಲ್ಲಲ್ಲಿ ಪ್ರೋಟೀನ್ ಬೇರ್ಪಡಿಸಿ ನೋಡೋದು) ಆಗುತ್ತೆ, ಹ್ಯೂಮನ್ನಿಗೂ ಆಗುತ್ತೆ, ಮೌಸಿಗೂ ಆಗುತ್ತೆ ಅಂತ ಟಿಕ್ ಹಾಕಿರ್ತಾರೆ. ಬೆಂಗಳೂರಲ್ಲಿ ಪಿಎಚ್‌ಡಿ ಮಾಡ್ತಿರೋರು, ಮೆಡಿಕಲ್ ಕಾಲೇಜಲ್ಲಿ ಎಂಡಿ ಪೆಥಾಲಜಿ ಥೀಸಿಸ್ಸಿಗೆ ಮಾರ್ಕರ್ ಹುಡುಕ್ತಿರೋ ಪಿಜಿಗಳು, ಇವರೆಲ್ಲ ಕೇಳೋದು ಒಂದೇ, "ಯಾವ್ದು ಬೆಸ್ಟ್ ಹೇಳಿ". ನನ್ನ ಪ್ರಕಾರ ಕಂಪನಿ ಹೆಸರು, ಮೈಕ್ರೋಲೀಟರಿಗೆ ಎಷ್ಟು ರೇಟು, ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಪಿ16 ಇಲ್ಲವೇ ಇಲ್ಲ ಅಂತ ಗೊತ್ತಿರೋ ಸೆಲ್ ಮೇಲೆ ಹಾಕಿದಾಗ ಈ ಆಂಟಿಬಾಡಿ ಸುಮ್ನಿರುತ್ತಾ, ಅದನ್ನ ಯಾರಾದ್ರೂ ಚಿತ್ರ ಸಮೇತ ತೋರಿಸಿದಾರಾ, ಮೊದಲು ಅದು ನೋಡಿ. ಪಾಸಿಟಿವ್ ಸೆಲ್ಲಲ್ಲಿ ಬಣ್ಣ ಬರೋದು ದೊಡ್ಡ ವಿಷ್ಯ ಅಲ್ಲ ಕಣ್ರೀ, ಕೆಟ್ಟ ಆಂಟಿಬಾಡಿನೂ ಬಣ್ಣ ಕೊಡುತ್ತೆ.

ಪ್ರೋಟೀನ್ ಬಗ್ಗೆ ನಾಲ್ಕು ಮಾತು ಹೇಳ್ಲೇಬೇಕು, ಇಲ್ಲಾಂದ್ರೆ ಮುಂದಿನ ಹೋಲಿಕೆ ತಲೆಗೆ ಹೋಗಲ್ಲ. ಪಿ16 ಅನ್ನೋದು ಸಿಡಿಕೆ4, ಸಿಡಿಕೆ6 ಅನ್ನೋ ಎರಡು ಕೈನೇಸ್ ಎಂಜೈಮ್‌ಗಳನ್ನ ತಡೆಯೋ ಇನ್‌ಹಿಬಿಟರ್, 156 ಅಮೈನೋ ಆಸಿಡ್ಡಿನ ಚಿಕ್ಕ ಪ್ರೋಟೀನು, 1993ರಲ್ಲಿ ಮೊದಲ ಸಲ ವರದಿ ಆಯ್ತು. ಇದರ ಜೀನು ಸಿಡಿಕೆಎನ್2ಎ, 9ನೇ ಕ್ರೋಮೋಸೋಮಿನ ಸಣ್ಣ ತೋಳಲ್ಲಿ ಕೂತಿದೆ. ತಮಾಷೆ ಏನಂದ್ರೆ ಅದೇ ಜೀನಿಂದ ಎಆರ್‌ಎಫ್ ಅಂತ ಇನ್ನೊಂದು ಪ್ರೋಟೀನೂ ಬರುತ್ತೆ, ಎರಡನೇ ಎಕ್ಸಾನ್ ಇಬ್ಬರಿಗೂ ಒಂದೇ, ಆದ್ರೆ ಓದೋ ಫ್ರೇಮ್ ಬೇರೆ, ಹಾಗಾಗಿ ಅಮೈನೋ ಆಸಿಡ್ ಸಾಲು ಪೂರ್ತಿ ಬೇರೆ. ಬಹಳ ಜನ ಹೆದರೋದು ಪಿ16 ಆಂಟಿಬಾಡಿ ಎಆರ್‌ಎಫ್‌ಗೆ ಅಂಟಿಕೊಂಡ್ರೆ ಏನ್ಮಾಡೋದು ಅಂತ. ಸಾಲೇ ಬೇರೆ ಇರೋವಾಗ ಆ ಭಯ ಅಷ್ಟು ಬೇಕಿಲ್ಲ. ನಿಜವಾಗ್ಲೂ ನೋಡ್ಬೇಕಾಗಿರೋದು ಪಕ್ಕದ ಮನೆ ಜೀನು ಸಿಡಿಕೆಎನ್2ಬಿ, ಅಂದ್ರೆ ಪಿ15, ಅದು ಪಿ16ರ ಥರಾನೇ ಆ್ಯಂಕಿರಿನ್ ರಿಪೀಟ್ ಇಟ್ಕೊಂಡಿರೋ ಪ್ರೋಟೀನು, ಸಾಲು ಸಿಕ್ಕಾಪಟ್ಟೆ ಹೋಲುತ್ತೆ. ಪೂರ್ತಿ ಪ್ರೋಟೀನನ್ನ ಮೊಲಕ್ಕೆ ಚುಚ್ಚಿ ತೆಗೆದ ಪಾಲಿಕ್ಲೋನಲ್ (ಹಲವು ಆಂಟಿಬಾಡಿಗಳ ಮಿಶ್ರಣ) ಆದ್ರೆ ಪಿ15ಕ್ಕೂ ಹೋಗಿ ಕೂರೋ ಚಾನ್ಸ್ ಇದ್ದೇ ಇದೆ.

ಇನ್ನೊಂದು, ಕ್ಯಾಟಲಾಗಲ್ಲಿ ಜೀನ್ ಹೆಸರು ಹಾಕಿ ಹುಡುಕಿದ್ರೆ ಪಿ16ರದ್ದೂ ಎಆರ್‌ಎಫ್‌ದೂ ಒಂದೇ ಪಟ್ಟೀಲಿ ಬರುತ್ತೆ, ಎರಡಕ್ಕೂ ಸಿಡಿಕೆಎನ್2ಎ ಅಂತಾನೇ ಬರೆದಿರುತ್ತೆ. ಇಮ್ಯುನೋಜನ್ (ಆಂಟಿಬಾಡಿ ಬರಿಸೋಕೆ ಪ್ರಾಣಿಗೆ ಚುಚ್ಚಿದ ಪ್ರೋಟೀನು) ಅನ್ನೋ ಸಾಲು ಓದದೆ ಆರ್ಡರ್ ಹಾಕಿದ್ರೆ ಬೇರೆ ಪ್ರೋಟೀನಿನ ಬಾಟ್ಲಿ ಮನೆಗೆ ಬರುತ್ತೆ, ಅಷ್ಟೇ.

ನಿಮ್ಮ ಪ್ರಶ್ನೆ "ಇದೆಯಾ" ಅಂತಾನಾ, "ಹೋಗಿದೆಯಾ" ಅಂತಾನಾ

ಆಂಟಿಬಾಡಿ ಆರಿಸೋಕೆ ಮುಂಚೆ ಇದೊಂದು ತೀರ್ಮಾನ ಆಗ್ಬೇಕು, ಇಲ್ಲೇ ಅರ್ಧ ದುಡ್ಡು ಉಳಿಯುತ್ತೆ ಅಥವಾ ಮುಳುಗುತ್ತೆ.

ಎಚ್‌ಪಿವಿಯಿಂದ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಬರೋ ಕ್ಯಾನ್ಸರಲ್ಲಿ ಪಿ16 ಜಾಸ್ತಿ ಆಗುತ್ತೆ. ವೈರಸ್ಸಿನ ಇ7 ಪ್ರೋಟೀನು ಸೆಲ್ ಡಿವಿಷನ್ ತಡೆಯೋ ಆರ್‌ಬಿ ಪ್ರೋಟೀನನ್ನ ಹಾಳು ಮಾಡುತ್ತೆ, ಆರ್‌ಬಿ ಹೋದ ತಕ್ಷಣ ಪಿ16 ಮೇಲಿದ್ದ ಹಿಡಿತ ಸಡಿಲ ಆಗಿ ಸೆಲ್ಲು ಪಿ16ನ ಸುರಿದುಕೊಳ್ಳುತ್ತೆ, ಆದ್ರೆ ಕೆಳಗಡೆ ಆರ್‌ಬಿನೇ ಇಲ್ವಲ್ಲ, ಬ್ರೇಕ್ ವೈರ್ ಕಟ್ಟಾಗಿರೋ ಸ್ಕೂಟರಲ್ಲಿ ಲಿವರ್ ಎಷ್ಟು ಒತ್ತಿದ್ರೂ ಗಾಡಿ ನಿಲ್ಲಲ್ಲ, ಹಾಗೆ. ಅದಕ್ಕೇ ಪಿ16 ತುಂಬಿ ತುಳುಕ್ತಿದ್ರೂ ಸೆಲ್ಲು ಡಿವೈಡ್ ಆಗ್ತಾನೇ ಇರುತ್ತೆ. ಇಲ್ಲಿ ನಿಮ್ಮ ಪ್ರಶ್ನೆ "ಪಿ16 ಇದೆಯಾ, ಜೋರಾಗಿದೆಯಾ", ಇದಕ್ಕೆ ಒಳ್ಳೆ ಆಂಟಿಬಾಡಿಗಳು ಇವೆ, ಉತ್ತರ ಸ್ಪಷ್ಟವಾಗೇ ಸಿಗುತ್ತೆ.

ಆದ್ರೆ ಗ್ಲಯೋಮಾದಲ್ಲೋ (ಮೆದುಳಿನ ಟ್ಯೂಮರ್) ಮೀಸೋಥೀಲಿಯೋಮಾದಲ್ಲೋ (ಶ್ವಾಸಕೋಶದ ಹೊರಪೊರೆ ಥರ ಪೊರೆಗಳ ಕ್ಯಾನ್ಸರ್) ಈ ಜೀನು ಡಿಲೀಟ್ ಆಗಿದೆಯಾ ಅಂತ ನೋಡೋದಿದ್ರೆ ಕಥೆ ಬೇರೆ. 2021ರ ಡಬ್ಲ್ಯೂಎಚ್‌ಒ ವರ್ಗೀಕರಣದಲ್ಲಿ ಐಡಿಎಚ್ ಮ್ಯೂಟೆಂಟ್ ಆ್ಯಸ್ಟ್ರೋಸೈಟೋಮಾದಲ್ಲಿ (ಐಡಿಎಚ್ ಜೀನ್ ಬದಲಾಗಿರೋ ಒಂದು ಥರದ ಗ್ಲಯೋಮಾ) ಸಿಡಿಕೆಎನ್2ಎ/ಬಿ ಎರಡೂ ಕಾಪಿ ಹೋಗಿದ್ರೆ ಸೀದಾ ಗ್ರೇಡ್ 4, ಹಾಗಾಗಿ ನಿಮ್ಹಾನ್ಸ್ ಥರ ಕಡೆ ನ್ಯೂರೋಪೆಥಾಲಜಿ ಮಾಡೋರಿಗೆ ಇದು ಸಣ್ಣ ವಿಷ್ಯ ಅಲ್ಲ. ಆಗ ಪಿ16 ಆಂಟಿಬಾಡಿ ಹಾಕಿ "ನೆಗೆಟಿವ್ ಬಂತು, ಡಿಲೀಟ್ ಆಗಿದೆ" ಅಂತ ಹೇಳೋಕಾಗಲ್ಲ, ಯಾಕಂದ್ರೆ ನಾರ್ಮಲ್ ಟಿಶ್ಯೂಲೂ ಪಿ16 ಬಹುಪಾಲು ಕಾಣೋದೇ ಇಲ್ಲ, ಅಲ್ಲಿ ಇಲ್ಲ ಇಲ್ಲೂ ಇಲ್ಲ ಅಂದ್ರೆ ಏನು ಹೋಲಿಸ್ತೀರಿ? ಇದಕ್ಕೆ ಪಕ್ಕದ ಎಂಟಿಎಪಿ ಜೀನಿನ ಆಂಟಿಬಾಡಿ ಎಷ್ಟೋ ವಾಸಿ. ಅದು ಸಿಡಿಕೆಎನ್2ಎ ಪಕ್ಕದಲ್ಲೇ ಇರೋದ್ರಿಂದ ಬಹಳಷ್ಟು ಸಲ ಜೊತೆಗೇ ಡಿಲೀಟ್ ಆಗುತ್ತೆ, ಮತ್ತೆ ನಾರ್ಮಲ್ ಸೆಲ್‌ಗಳಲ್ಲಿ ಯಾವಾಗ್ಲೂ ಇರೋ ಪ್ರೋಟೀನು, ಹಾಗಾಗಿ ಅದೇ ಸ್ಲೈಡಲ್ಲಿ ರಕ್ತನಾಳದ ಎಂಡೋಥೀಲಿಯಮ್, ಲಿಂಫೋಸೈಟು ಕಂದು ಬಣ್ಣ ಆಗಿರುತ್ತೆ, ಟ್ಯೂಮರ್ ಮಾತ್ರ ಖಾಲಿ, ಕಣ್ಣೆದುರಿಗೇ ಕಂಟ್ರೋಲು. ಎಂಟಿಎಪಿ ಉಳ್ಕೊಂಡು ಸಿಡಿಕೆಎನ್2ಎ ಮಾತ್ರ ಹೋಗಿರೋ ಕೇಸೂ ಇರುತ್ತೆ, ಅದಕ್ಕೆ ಫಿಶ್ (ಹೊಳೆಯೋ ಪ್ರೋಬ್ ಹಾಕಿ ಡಿಎನ್‌ಎ ನೋಡೋದು) ಅಥವಾ ಸೀಕ್ವೆನ್ಸಿಂಗ್ ಬೇಕೇ ಬೇಕು. ಆದ್ರೂ "ಹೋಗಿದೆಯಾ" ಅನ್ನೋ ಪ್ರಶ್ನೆಗೆ ಪಿ16 ಆಂಟಿಬಾಡಿ ಮೇಲೆ ದುಡ್ಡು ಹಾಕೋರಿಗೆ ನಾನಂತೂ ಬೇಡ ಅಂತೀನಿ.

ಹ್ಯೂಮನ್ ಪ್ಯಾರಫಿನ್ ಬ್ಲಾಕು: ಯಾವ ಕ್ಲೋನು

ಪ್ಯಾರಫಿನ್ ಬ್ಲಾಕು ಅಂದ್ರೆ ಮೇಣದಲ್ಲಿ ಹುದುಗಿಸಿಟ್ಟ ಟಿಶ್ಯೂ. ಇಲ್ಲಿ ನಿಜವಾದ ಪೈಪೋಟಿ ಇರೋದು ನಾಲ್ಕೈದು ಕ್ಲೋನ್ (ಒಂದೇ ಮೂಲ ಸೆಲ್ಲಿಂದ ಬಂದ ಒಂದೇ ಥರದ ಆಂಟಿಬಾಡಿ, ಅಂದ್ರೆ ಮಾನೋಕ್ಲೋನಲ್) ಮಧ್ಯೆ, ಕಂಪನಿಗಳ ಮಧ್ಯೆ ಅಲ್ಲ. ಒಂದೇ ಕ್ಲೋನನ್ನ ಬೇರೆ ಬೇರೆ ಕಂಪನಿ ಬೇರೆ ಬೇರೆ ಲೇಬಲ್ ಹಾಕಿ ಮಾರ್ತಾರೆ, ಹಾಗಾಗಿ ಕ್ಯಾಟಲಾಗ್ ನಂಬರ್ ಬಿಟ್ಟು ಕ್ಲೋನ್ ಹೆಸರು ಹಿಡ್ಕೊಳ್ಳಿ.

ಇ6ಎಚ್4 ಅನ್ನೋದು ಮೌಸ್ ಮಾನೋಕ್ಲೋನಲ್, ರೋಶ್ ಅವರ ಸಿಂಟೆಕ್ ಕಿಟ್ಟಲ್ಲಿ ಇರೋದು ಇದೇ. ಗರ್ಭಕಂಠದ ಬಯಾಪ್ಸಿ, ಓರೋಫ್ಯಾರಿಂಕ್ಸ್ (ಗಂಟಲ ಭಾಗ) ಟ್ಯೂಮರ್ ಮೇಲಿನ ಪೇಪರ್‌ಗಳಲ್ಲಿ ದೊಡ್ಡ ಪಾಲು ಇದರಿಂದಾನೇ ಬಂದಿರೋದು. ನಿಮ್ಮ ರಿಸಲ್ಟನ್ನ ಪ್ರಪಂಚದ ಬಾಕಿ ಡೇಟಾ ಜೊತೆ ಹೋಲಿಸಬೇಕು, ರಿವ್ಯೂವರ್ ಹತ್ರ ಕಿರಿಕಿರಿ ಬೇಡ ಅಂದ್ರೆ ಕಣ್ಮುಚ್ಚಿ ಇದನ್ನೇ ತಗೊಳ್ಳಿ. ಕೊರತೆ ಅಂದ್ರೆ ದುಬಾರಿ, ಸಾಮಾನ್ಯವಾಗಿ ರೆಡಿ ಟು ಯೂಸ್ ಆಗಿ ಬರುತ್ತೆ, ಅವರದೇ ಮಶಿನ್ನಿಗೆ ಹೊಂದಿಸಿರ್ತಾರೆ, ನಮ್ಮ ಲ್ಯಾಬಲ್ಲಿ ಕೈಯಲ್ಲೇ ಸ್ಲೈಡ್ ತೊಳೆಯೋರಿಗೆ ಪ್ರೋಟೋಕಾಲ್ ಮತ್ತೆ ಹೊಂದಿಸಿಕೊಳ್ಬೇಕಾಗುತ್ತೆ.

ಜೆಸಿ8 ಇನ್ನೊಂದು ಮೌಸ್ ಕ್ಲೋನು, ಕಾನ್ಸಂಟ್ರೇಟ್ ಆಗಿ ಸಿಗುತ್ತೆ, ಬೆಲೆಯಲ್ಲಿ ಹಗುರ. ಟೈಟ್ರೇಟ್ ಮಾಡಿಕೊಳ್ಳೋ (ಎಷ್ಟು ತೆಳು ಮಾಡಿದ್ರೆ ಸರಿ ಅಂತ ಹಾಕಿ ನೋಡೋ) ತಾಳ್ಮೆ ಇದ್ರೆ ರಿಸರ್ಚಿಗೆ ಓಕೆ. ಜಿ175-405 ಹಳೇ ಕ್ಲೋನು, ವೆಸ್ಟರ್ನಿಗೆ ಬಹಳ ಜನ ಬಳಸಿದಾರೆ, ಟಿಶ್ಯೂ ಮೇಲೂ ಪೇಪರ್ ಇವೆ, ಆದ್ರೆ ಹೊಸದಾಗಿ ಶುರು ಮಾಡೋರು ಟಿಶ್ಯೂಗೋಸ್ಕರ ಇದನ್ನೇ ಹುಡ್ಕೊಂಡು ಹೋಗೋ ಕಾರಣ ನನಗೆ ಕಾಣಲ್ಲ. ಇಪಿಆರ್1473 ಅನ್ನೋದು ಮೊಲದ ಮಾನೋಕ್ಲೋನಲ್, ರಿಕಾಂಬಿನೆಂಟ್, ಅಂದ್ರೆ ಆಂಟಿಬಾಡಿಯ ಸೀಕ್ವೆನ್ಸ್ ಗೊತ್ತಿದ್ದು ಸೆಲ್ಲಲ್ಲಿ ತಯಾರಿಸೋದು, ಹಾಗಾಗಿ ಲಾಟಿಂದ ಲಾಟಿಗೆ ವ್ಯತ್ಯಾಸ ಕಮ್ಮಿ. ಮೂರ್ನಾಲ್ಕು ವರ್ಷ ನಡೆಯೋ ಪ್ರಾಜೆಕ್ಟಿಗೆ ಇದು ದೊಡ್ಡ ಅನುಕೂಲ. ಇನ್ನೊಂದು ಲಾಭ, ಡಬಲ್ ಸ್ಟೇನ್ ಮಾಡೋವಾಗ ಒಂದು ಮೊಲದ್ದು ಒಂದು ಇಲಿದು ಇದ್ರೆ ಸೆಕೆಂಡರಿ (ಮೊದಲ ಆಂಟಿಬಾಡಿಗೆ ಅಂಟಿ ಬಣ್ಣ ಬರಿಸೋ ಎರಡನೇ ಆಂಟಿಬಾಡಿ) ಗೊಂದಲ ಇರಲ್ಲ, ಪಿ16 ಜೊತೆ ಕೆಐ-67 (ಡಿವೈಡ್ ಆಗ್ತಿರೋ ಸೆಲ್ಲಿನ ಗುರುತು) ಒಂದೇ ಸೆಲ್ಲಲ್ಲಿ ನೋಡೋರಿಗೆ ಇದು ಮುಖ್ಯ. ನಾರ್ಮಲ್ ಸೆಲ್ಲಲ್ಲಿ ಪಿ16 ಬಂದ್ರೆ ಡಿವಿಷನ್ ನಿಲ್ಲುತ್ತೆ, ಕೆಐ-67 ಇರಬಾರದು, ಎರಡೂ ಒಟ್ಟಿಗೆ ಇದ್ರೆ ಏನೋ ಕೆಟ್ಟಿದೆ ಅಂತ ಲೆಕ್ಕ, ಸರ್ವೈಕಲ್ ಸ್ಮಿಯರಿನ ಡ್ಯುಯಲ್ ಸ್ಟೇನ್ ನಿಂತಿರೋದೇ ಈ ಲಾಜಿಕ್ ಮೇಲೆ.

ಪಾಲಿಕ್ಲೋನಲ್? ವೆಸ್ಟರ್ನಲ್ಲಿ, ಐಪಿಯಲ್ಲಿ (ಆಂಟಿಬಾಡಿ ಹಾಕಿ ಪ್ರೋಟೀನನ್ನ ಹಿಡಿದು ತೆಗೆಯೋದು) ಉಪಯೋಗಕ್ಕೆ ಬರಬಹುದು. ಟಿಶ್ಯೂಗೆ ಬೇಡ, ಪಿ15 ವಿಷ್ಯ ಮೇಲೇ ಹೇಳಿದೀನಿ, ಜೊತೆಗೆ ಹೊಸ ಲಾಟ್ ಅಂದ್ರೆ ಹೊಸ ಮೊಲ, ಹೋದ ವರ್ಷದ ಸ್ಲೈಡಿಗೂ ಈ ವರ್ಷದ್ದಕ್ಕೂ ತಾಳೆ ಆಗದೆ ಇರಬಹುದು.

ರೇಟಿನ ಲೆಕ್ಕ ಎಲ್ಲರೂ ತಪ್ಪಾಗೇ ಮಾಡೋದು. 100 ಮೈಕ್ರೋಲೀಟರ್ ಕಾನ್ಸಂಟ್ರೇಟ್ ಬಾಟ್ಲಿ ನೋಡಿ "ಇಷ್ಟು ಹನಿಗೆ ಇಷ್ಟು ದುಡ್ಡಾ" ಅಂತ ಬಾಯಿ ಬಿಡ್ತಾರೆ, ಪಕ್ಕದಲ್ಲಿ 7 ಎಂಎಲ್ ರೆಡಿ ಟು ಯೂಸ್ ದೊಡ್ಡದಾಗಿ ಕಾಣುತ್ತೆ. ಕಾನ್ಸಂಟ್ರೇಟ್ ನಿಮಗೆ 1:200ರಲ್ಲಿ ಚೆನ್ನಾಗಿ ಬಂತು ಅಂದ್ಕೊಳ್ಳಿ, 100 ಮೈಕ್ರೋಲೀಟರ್ ಹೋಗಿ 20 ಎಂಎಲ್ ಆಯ್ತು, ಸ್ಲೈಡಿಗೆ 150 ಮೈಕ್ರೋಲೀಟರ್ ಹಾಕಿದ್ರೆ 130ಕ್ಕೂ ಹೆಚ್ಚು ಸ್ಲೈಡು. ಅದೇ 7 ಎಂಎಲ್ ಬಾಟ್ಲಿ 46 ಸ್ಲೈಡಿಗೆ ಖಾಲಿ. ಸ್ಲೈಡಿಗೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ ಆಮೇಲೆ ದುಬಾರಿ ಅಗ್ಗ ಮಾತಾಡೋಣ. ಆದ್ರೆ ಕಾನ್ಸಂಟ್ರೇಟಿಗೆ 1:50, 1:100, 1:200, 1:400 ಅಂತ ಟೈಟ್ರೇಷನ್ನಿಗೆ ಸ್ಲೈಡು, ಸಮಯ ಹೋಗುತ್ತೆ, ಥೀಸಿಸ್ಸಿಗೆ ನಲವತ್ತು ಕೇಸು ಮಾತ್ರ ಇರೋ ಪಿಜಿಗೆ ಆ ತಲೆನೋವು ಯಾಕೆ, ರೆಡಿ ಟು ಯೂಸ್ ತಗೊಂಡು ಮುಗಿಸಿಬಿಡಿ.

ಪೇಶೆಂಟ್ ರಿಪೋರ್ಟಿಗೆ ಹೋಗೋ ಸ್ಟೇನ್ ಆದ್ರೆ ಈ ಚರ್ಚೆನೇ ಇಲ್ಲ. ಬಾಟ್ಲಿ ಮೇಲೆ ಫಾರ್ ರಿಸರ್ಚ್ ಯೂಸ್ ಓನ್ಲಿ ಅಂತ ಇದ್ರೆ ಅದು ರಿಸರ್ಚಿಗೆ ಮಾತ್ರ, ಡಯಾಗ್ನೋಸ್ಟಿಕ್ ಆಗಿ ನೋಂದಣಿ ಆಗಿರೋದು ಬೇರೇನೇ ಬರುತ್ತೆ, ಅದನ್ನೇ ಹಾಕ್ಬೇಕು.

ಮೌಸ್ ಟಿಶ್ಯೂ ಅಂದ್ರೆ

ಏಜಿಂಗ್, ಸೆನೆಸೆನ್ಸ್ (ಸೆಲ್ಲು ಡಿವೈಡ್ ಆಗೋದು ನಿಂತುಹೋಗೋದು) ಮಾಡೋ ಲ್ಯಾಬುಗಳು ಯಶವಂತಪುರದ ಕಡೆಯಿಂದ ಜಿಕೆವಿಕೆ ತನಕ ಇವೆ, ಅಲ್ಲೆಲ್ಲ ಇಲಿಗಳ ಟಿಶ್ಯೂಲಿ ಪಿ16 ನೋಡ್ಬೇಕು ಅನ್ನೋ ಆಸೆ ಇರುತ್ತೆ. ನೇರವಾಗಿ ಹೇಳ್ತೀನಿ, ಮೇಲೆ ಹೇಳಿದ ಹ್ಯೂಮನ್ ಕ್ಲೋನ್‌ಗಳನ್ನ ಮೌಸ್ ಮೇಲೆ ಹಾಕಬೇಡಿ. ಮೌಸ್ ಪಿ16 168 ಅಮೈನೋ ಆಸಿಡ್, ಸಾಲೂ ಸಾಕಷ್ಟು ಬೇರೆ. ಅದರ ಮೇಲೆ ಮೌಸ್ ಆಂಟಿಬಾಡಿನ ಮೌಸ್ ಟಿಶ್ಯೂಗೆ ಹಾಕಿದ್ರೆ ಸೆಕೆಂಡರಿ ಹೋಗಿ ಟಿಶ್ಯೂಲಿ ಮೊದಲೇ ಇರೋ ಇಮ್ಯುನೋಗ್ಲಾಬ್ಯುಲಿನ್‌ಗೆ ಅಂಟುತ್ತೆ, ಸ್ಲೈಡೆಲ್ಲ ಕಂದು, ಮತ್ತೆ ಅದನ್ನೇ "ಏಜ್ ಆದ ಟಿಶ್ಯೂಲಿ ಪಿ16 ಜಾಸ್ತಿ" ಅಂತ ಬರೆಯೋರೂ ಇದಾರೆ. ಮೌಸ್ ಪಿ16ಗೇ ಅಂತ ಮಾಡಿರೋ ಮೊಲದ ರಿಕಾಂಬಿನೆಂಟ್ ಹುಡುಕಿ, ಸಿಡಿಕೆಎನ್2ಎ ನಾಕೌಟ್ (ಆ ಜೀನನ್ನೇ ತೆಗೆದಿರೋ) ಇಲಿಯ ಟಿಶ್ಯೂ ಎಲ್ಲಿಂದಾದ್ರೂ ತಂದು ಪಕ್ಕದಲ್ಲಿಟ್ಟು ನೋಡಿ. ಅದು ಸಿಗದೆ ಇದ್ರೆ ಎಕ್ಸಾನ್ 1 ಆಲ್ಫಾಗೆ (ಪಿ16ಗೆ ಮಾತ್ರ ಸೇರಿದ ಭಾಗ) ಪ್ರೈಮರ್ ಹಾಕಿ ಕ್ಯೂಪಿಸಿಆರಲ್ಲಿ ಆರ್‌ಎನ್‌ಎ ಅಳೆಯೋದೇ ಮೇಲು, ಎಕ್ಸಾನ್ 2ಗೆ ಹಾಕಿದ್ರೆ ಎಆರ್‌ಎಫ್ ಕೂಡ ಲೆಕ್ಕಕ್ಕೆ ಬಂದುಬಿಡುತ್ತೆ.

ಕಂಟ್ರೋಲು, ಇದಕ್ಕೇ ದುಡ್ಡು ಇಡಿ

ಆಂಟಿಬಾಡಿ ಮೇಲೆ ಉಳಿಸಿದ ದುಡ್ಡನ್ನ ಇಲ್ಲಿ ಹಾಕಿ ಅಂತೀನಿ ನಾನು. ಪಿ16 ವಿಷ್ಯದಲ್ಲಿ ನಮ್ಮ ಅದೃಷ್ಟ ಏನಂದ್ರೆ ಒಳ್ಳೆ ಸೆಲ್ ಲೈನ್‌ಗಳು ಬಹುತೇಕ ಎಲ್ಲಾ ಲ್ಯಾಬಿನ ಫ್ರೀಜರಲ್ಲೂ ಇವೆ. ಹೀಲಾ ಎಚ್‌ಪಿವಿ18 ಇರೋ ಲೈನು, ಸಿಹಾ ಮತ್ತೆ ಕಾಸ್ಕಿ ಎಚ್‌ಪಿವಿ16 ಇರೋವು, ಮೂರರಲ್ಲೂ ಪಿ16 ಜೋರು. ನೆಗೆಟಿವ್‌ಗೆ ಎಂಸಿಎಫ್-7, ಎ549, ಕೆ562, ಮೂರರಲ್ಲೂ ಸಿಡಿಕೆಎನ್2ಎ ಎರಡೂ ಕಾಪಿ ಡಿಲೀಟ್. ಯು2ಓಎಸ್ ಇನ್ನೊಂದು ಥರ, ಜೀನು ಇದೆ ಆದ್ರೆ ಪ್ರೊಮೋಟರ್ ಮೀಥೈಲೇಟ್ ಆಗಿ ಬಾಯಿ ಮುಚ್ಚಿದೆ. ಹೀಲಾ ಮತ್ತೆ ಎಂಸಿಎಫ್-7 ಎರಡನ್ನೂ ಪೆಲೆಟ್ ಮಾಡಿ, ನಿಮ್ಮ ಟಿಶ್ಯೂ ಹೇಗೆ ಫಿಕ್ಸ್ ಮಾಡ್ತೀರೋ ಹಾಗೇ ಫಾರ್ಮಲಿನ್ನಲ್ಲಿ ಫಿಕ್ಸ್ ಮಾಡಿ, ಪ್ಯಾರಫಿನ್ ಬ್ಲಾಕ್ ಮಾಡಿಟ್ಕೊಳ್ಳಿ, ಪ್ರತಿ ಬ್ಯಾಚ್ ಜೊತೆ ಒಂದೊಂದು ಸೆಕ್ಷನ್ ಓಡಿಸಿ. ಎಂಸಿಎಫ್-7ರಲ್ಲಿ ಕಂದು ಬಂತು ಅಂದ್ರೆ ಆ ಆಂಟಿಬಾಡಿ ಜೊತೆ ವಾದ ಮಾಡ್ಬೇಡಿ, ಡೈಲ್ಯೂಷನ್ ಬದಲಾಯಿಸಿ ನೋಡಿ, ಆಗ್ಲೂ ಬಂದ್ರೆ ಬಿಡಿ.

ಟಿಶ್ಯೂ ಕಂಟ್ರೋಲಿಗೆ ಟಾನ್ಸಿಲ್ ಚೆನ್ನಾಗಿರುತ್ತೆ. ಕ್ರಿಪ್ಟ್ ಎಪಿಥೀಲಿಯಮ್ಮಲ್ಲಿ ಅಲ್ಲೊಂದು ಇಲ್ಲೊಂದು ಸೆಲ್ಲು, ಜರ್ಮಿನಲ್ ಸೆಂಟರಲ್ಲಿ ಫಾಲಿಕ್ಯುಲರ್ ಡೆಂಡ್ರಿಟಿಕ್ ಸೆಲ್ಲು, ಇಷ್ಟು ಕಾಣ್ಬೇಕು. ಬರೀ ಹೈ ಗ್ರೇಡ್ ಗರ್ಭಕಂಠದ ಬಯಾಪ್ಸಿ ಕಂಟ್ರೋಲ್ ಇಟ್ರೆ ಸಾಕಾಗಲ್ಲ, ಅದರಲ್ಲಿ ಪಿ16 ಎಷ್ಟು ಜೋರು ಅಂದ್ರೆ ಪ್ರೋಟೋಕಾಲ್ ಅರ್ಧ ಕೆಟ್ಟಿದ್ರೂ ಪಾಸಿಟಿವ್ ಬರುತ್ತೆ, ಟಾನ್ಸಿಲ್‌ನ ಆ ತೆಳು ಸಿಗ್ನಲ್ಲು ಹೋದಾಗ್ಲೇ ನಿಮಗೆ ಗೊತ್ತಾಗೋದು ಸೆನ್ಸಿಟಿವಿಟಿ ಬಿದ್ದಿದೆ ಅಂತ.

ವೆಸ್ಟರ್ನ್ ಮಾಡಿ ಕನ್‌ಫರ್ಮ್ ಮಾಡ್ತೀನಿ ಅನ್ನೋರಿಗೆ: 16 ಕಿಲೋಡಾಲ್ಟನ್ ಅಂದ್ರೆ ತಳದಲ್ಲಿ ಓಡೋ ಪ್ರೋಟೀನು, 15 ಪರ್ಸೆಂಟ್ ಜೆಲ್ಲು, 0.2 ಮೈಕ್ರಾನ್ ಮೆಂಬ್ರೇನು, ಟ್ರಾನ್ಸ್‌ಫರ್ ರಾತ್ರಿಯಿಡೀ ಬಿಡಬೇಡಿ, ಮೆಂಬ್ರೇನ್ ದಾಟಿ ಹೋಗಿಬಿಡುತ್ತೆ. ಮತ್ತೆ ವೆಸ್ಟರ್ನಲ್ಲಿ ಒಂದೇ ಬ್ಯಾಂಡ್ ಬಂತು ಅಂತ ಪ್ಯಾರಫಿನ್ ಟಿಶ್ಯೂಲಿ ಕೆಲಸ ಮಾಡುತ್ತೆ ಅಂತೇನಿಲ್ಲ, ಫಾರ್ಮಲಿನ್ ಮಾಡೋ ಕ್ರಾಸ್‌ಲಿಂಕು ಆಂಟಿಬಾಡಿ ಅಂಟೋ ಜಾಗವನ್ನೇ, ಅಂದ್ರೆ ಎಪಿಟೋಪನ್ನೇ, ಮುಚ್ಚಿಬಿಡಬಹುದು.

ಊರಿನ ಎತ್ತರ, ನೀರು, ಕುಕ್ಕರು

ಪಿ16ಗೆ ಹೀಟ್ ರಿಟ್ರೀವಲ್ (ಬಿಸಿ ಮಾಡಿ ಮುಚ್ಚಿಹೋದ ಎಪಿಟೋಪ್ ತೆರೆಯೋದು) ಬೇಕು, ಪಿಎಚ್ 9ರ ಟ್ರಿಸ್-ಇಡಿಟಿಎ ಸಾಮಾನ್ಯವಾಗಿ ಸಿಟ್ರೇಟಿಗಿಂತ ಚೆನ್ನಾಗಿ ಕೊಡುತ್ತೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ, ನಮ್ಮಲ್ಲಿ ನೀರು ಕುದಿಯೋದು ಸುಮಾರು 97 ಡಿಗ್ರಿಗೇ, ಹಾಗಾಗಿ ಹೊರಗಿನ ಪ್ರೋಟೋಕಾಲಲ್ಲಿ "100 ಡಿಗ್ರಿಯಲ್ಲಿ ಕುದಿಸಿ" ಅಂತ ಇದ್ರೆ ತೆರೆದ ಬೀಕರಲ್ಲಿ ಆ ಟೆಂಪರೇಚರ್ ನಿಮಗೆ ಸಿಗೋದೇ ಇಲ್ಲ. ಪ್ರೆಶರ್ ಕುಕ್ಕರ್ ಇಟ್ರೆ ಆ ರಗಳೆ ಇಲ್ಲ, ಇಲ್ಲಾಂದ್ರೆ ಟೆಂಪರೇಚರ್ ಸೆಟ್ ಮಾಡೋ ವಾಟರ್ ಬಾತಲ್ಲಿ 95ಕ್ಕಿಟ್ಟು ಟೈಮ್ ಜಾಸ್ತಿ ಕೊಡಿ. ಬಫರಿಗೆ ನಲ್ಲಿ ನೀರು, ಬೋರ್ ನೀರು ಬೇಡ, ಊರಿನ ಬೋರ್ ನೀರಿನ ಗಡಸುತನ ಎಲ್ಲರಿಗೂ ಗೊತ್ತಿರೋದೇ. ಇನ್ನು ಸಣ್ಣ ಆಸ್ಪತ್ರೆಗಳಿಂದ ಬರೋ ಬ್ಲಾಕು, ಅಲ್ಲಿ ಬಫರ್ ಇಲ್ಲದ ಫಾರ್ಮಲಿನ್ನಲ್ಲಿ ವಾರಗಟ್ಟಲೆ ಇಟ್ಟಿರೋದೂ ಉಂಟು, ಅಂಥ ಬ್ಲಾಕಲ್ಲಿ ಯಾವ ಕ್ಲೋನ್ ಹಾಕಿದ್ರೂ ಮಂಕು. ಬ್ಲಾಕ್ ಹಳೇದಾದ್ರೂ ಪರವಾಗಿಲ್ಲ, ಸೆಕ್ಷನ್ ಮಾತ್ರ ಹೊಸದಾಗಿ ಕತ್ತರಿಸಿ, ತಿಂಗಳುಗಟ್ಟಲೆ ಸ್ಲೈಡ್ ಬಾಕ್ಸಲ್ಲಿ ಇಟ್ಟಿರೋದಲ್ಲ.

ಓದೋದು ಹೇಗೆ

ಓರೋಫ್ಯಾರಿಂಕ್ಸ್, ಅಂದ್ರೆ ಟಾನ್ಸಿಲ್, ನಾಲಿಗೆ ಬುಡ, ಇಲ್ಲಿಗೆ ಸಿಎಪಿ (ಅಮೆರಿಕದ ಪೆಥಾಲಜಿಸ್ಟರ ಸಂಸ್ಥೆ) 2018ರಲ್ಲಿ ಕೊಟ್ಟ ಗೈಡ್‌ಲೈನು ಟ್ಯೂಮರ್ ಸೆಲ್‌ಗಳಲ್ಲಿ ಕನಿಷ್ಠ 70 ಪರ್ಸೆಂಟ್, ನ್ಯೂಕ್ಲಿಯಸ್ಸೂ ಸೈಟೋಪ್ಲಾಸಮ್ಮೂ ಎರಡೂ ಬಣ್ಣ ಹಿಡಿದಿರಬೇಕು, ತೀವ್ರತೆ ಮಧ್ಯಮದಿಂದ ಮೇಲಿರಬೇಕು. ಗರ್ಭಕಂಠಕ್ಕೆ ಪರ್ಸೆಂಟ್ ಅಲ್ಲ, ಬ್ಲಾಕ್ ಪಾಸಿಟಿವ್, ಕೆಳಗಿನ ಪದರದಿಂದ ಕನಿಷ್ಠ ಮೂರನೇ ಒಂದು ಭಾಗದ ತನಕ ಬಿಡದೆ ಜೋರಾಗಿ. ಚುಕ್ಕೆ ಚುಕ್ಕೆಯಾಗಿ ಬಂದ್ರೆ ಅದು ಪಾಸಿಟಿವ್ ಅಲ್ಲ. ಈ ಕಟಾಫ್‌ಗಳ ಹಿಂದಿನ ಡೇಟಾ ಹೆಚ್ಚಾಗಿ ಇ6ಎಚ್4ದು, ಬೇರೆ ಕ್ಲೋನ್ ಹಾಕಿ ಅದೇ 70ನ ಕುರುಡಾಗಿ ಬಳಸಬೇಡಿ, ಒಂದಷ್ಟು ಕೇಸಲ್ಲಿ ಎರಡೂ ಕ್ಲೋನ್ ಹಾಕಿ ತಾಳೆ ನೋಡಿ.

ಇಲ್ಲಿ ನನಗೆ ಸಿಟ್ಟು ಬರೋ ವಿಷ್ಯ ಒಂದಿದೆ. ಕಿದ್ವಾಯಿ ಓಪಿಡಿಗೆ ಬರೋ ಬಾಯಿ ಕ್ಯಾನ್ಸರ್ ನೋಡಿ, ಕೆನ್ನೆ ಒಳಭಾಗ, ವಸಡು, ತಂಬಾಕು, ಅಡಿಕೆ, ಗುಟ್ಕಾ. ಆ ಟ್ಯೂಮರಿಗೆ ಪಿ16 ಹಾಕಿ ಪಾಸಿಟಿವ್ ಬಂದಿದ್ದಕ್ಕೆಲ್ಲ ಎಚ್‌ಪಿವಿ ಅಂತ ಬರೆಯೋ ಥೀಸಿಸ್ಸುಗಳು ಬರ್ತಾನೇ ಇವೆ. ಪಿ16 ಎಚ್‌ಪಿವಿಗೆ ಬದಲಿ ಮಾರ್ಕರ್ ಆಗಿ ಒಪ್ಪಿಕೊಂಡಿರೋದು ಓರೋಫ್ಯಾರಿಂಕ್ಸಲ್ಲಿ, ಬಾಯಲ್ಲಿ ಅಲ್ಲ. ಆರ್‌ಬಿ ಬೇರೆ ಕಾರಣಕ್ಕೆ ಹೋದ್ರೂ ಪಿ16 ಏರುತ್ತೆ, ಶ್ವಾಸಕೋಶದ ಸ್ಮಾಲ್ ಸೆಲ್ ಕಾರ್ಸಿನೋಮಾ ಜೋರಾಗಿ ಪಾಸಿಟಿವ್, ಅಲ್ಲಿ ಎಚ್‌ಪಿವಿ ಎಲ್ಲಿಂದ ಬಂತು? ಓರೋಫ್ಯಾರಿಂಕ್ಸಲ್ಲೂ ಎಚ್‌ಪಿವಿ ಪಾಲು ಕಮ್ಮಿ ಇರೋ ಜಾಗಗಳಲ್ಲಿ ಪಿ16ಗೂ ವೈರಸ್ಸಿಗೂ ತಾಳೆ ಆಗದ ಕೇಸು ಹೆಚ್ಚು. ಎಚ್‌ಪಿವಿ ಅಂತ ಹೇಳ್ಬೇಕಿದ್ರೆ ಇ6/ಇ7 ಆರ್‌ಎನ್‌ಎ ಇನ್ ಸಿಟು (ವೈರಸ್ಸಿನ ಆರ್‌ಎನ್‌ಎನ ಟಿಶ್ಯೂಲೇ ನೋಡೋದು) ಮಾಡಿ, ಆಂಟಿಬಾಡಿ ಎಷ್ಟೇ ಒಳ್ಳೇದಾದ್ರೂ ಅದು ತೋರಿಸೋದು ಪಿ16 ಮಾತ್ರ.

ಕೊನೆಗೆ ಕೊಳ್ಳೋ ಕೆಲಸ

ಸರ್ಕಾರಿ ಸಂಸ್ಥೆ ಆದ್ರೆ ಮೂರು ಕೊಟೇಷನ್ನು, ಕಂಪ್ಯಾರಿಟಿವ್ ಸ್ಟೇಟ್‌ಮೆಂಟು, ಎಲ್1 (ಅತಿ ಕಮ್ಮಿ ರೇಟು ಕೊಟ್ಟೋರು) ಯಾರೋ ಅವರಿಗೆ ಆರ್ಡರು. ಇಂಡೆಂಟಲ್ಲಿ "ಪಿ16 ಆಂಟಿಬಾಡಿ, 100 ಮೈಕ್ರೋಲೀಟರ್" ಅಂತ ಮಾತ್ರ ಬರೆದ್ರೆ ಅತಿ ಅಗ್ಗದ ಪಾಲಿಕ್ಲೋನಲ್ ಬಂದು ಕೂರುತ್ತೆ, ಪರ್ಚೇಸ್ ಸೆಕ್ಷನ್ನಿನವರನ್ನ ಬೈದು ಉಪಯೋಗ ಇಲ್ಲ, ಅವರಿಗೆ ಕಾಣೋದು ಹೆಸರು ಮತ್ತೆ ರೇಟು ಮಾತ್ರ. ಸ್ಪೆಸಿಫಿಕೇಷನ್ನಲ್ಲೇ ಕ್ಲೋನ್ ಹೆಸರು, ಯಾವ ಪ್ರಾಣಿದು, ಪ್ಯಾರಫಿನ್ ಹ್ಯೂಮನ್ ಟಿಶ್ಯೂಲಿ ತೋರಿಸಿರಬೇಕು, ನೆಗೆಟಿವ್ ಸೆಲ್ ಲೈನ್ ಡೇಟಾ ಇರಬೇಕು ಅಂತ ಬರೆಯಿರಿ. ಆ ಕ್ಲೋನ್ ಒಬ್ಬರ ಹತ್ರ ಮಾತ್ರ ಸಿಗೋದಾದ್ರೆ ಪ್ರೊಪ್ರೈಟರಿ ಆರ್ಟಿಕಲ್ ಸರ್ಟಿಫಿಕೇಟ್ ಹಾಕಿ, ಯಾಕೆ ಅದೇ ಬೇಕು ಅಂತ ನಾಲ್ಕು ಸಾಲು ಟೆಕ್ನಿಕಲ್ ಕಾರಣ ಕೊಡಿ, ಆಡಿಟ್ಟಿನವರೂ ಒಪ್ತಾರೆ. ಡೀಲರ್ ಹತ್ರ ಟ್ರಯಲ್ ಸೈಜ್ ಇದೆಯಾ ಕೇಳಿ, ಎಷ್ಟೋ ಸಲ ಕೇಳಿದ್ರೆ ಮಾತ್ರ ಹೇಳ್ತಾರೆ. ಒಂದೇ ಲಾಟ್ ಎರಡು ಬಾಟ್ಲಿ ಕೇಳಿ, ಲಾಟ್ ನಂಬರ್ ನೋಟ್‌ಬುಕ್ಕಲ್ಲಿ ಬರೆದಿಟ್ಕೊಳ್ಳಿ. ಮತ್ತೆ ಶುಕ್ರವಾರ ಡಿಸ್ಪ್ಯಾಚ್ ಬೇಡ ಅಂತ ಮೊದಲೇ ಹೇಳಿಬಿಡಿ, ದೇವನಹಳ್ಳಿಲಿ ಇಳಿದ ಬಾಕ್ಸು ಶನಿವಾರ ಭಾನುವಾರ ಯಾವ್ದೋ ಗೋಡೌನಲ್ಲಿ ಕೂತು ಸೋಮವಾರ ಮಧ್ಯಾಹ್ನ ಸೆಕ್ಯೂರಿಟಿ ಗೇಟಿಗೆ ಬರೋ ಹೊತ್ತಿಗೆ ಜೆಲ್ ಪ್ಯಾಕೆಲ್ಲ ನೀರಾಗಿರುತ್ತೆ.